ಸ್ಟೀರಿಂಗ್ ಅಡಿಯ ಲಿವರ್: ಒಂದು ವಿಮರ್ಶೆ

ಕಾರಿನ ವಿಮರ್ಶೆಗಳನ್ನು ನಾನು ಬೇಕಾದ್ದಕ್ಕಿಂತ ಜಾಸ್ತಿಯೇ ನೋಡ್ತೀನಿ. ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ, ಪೂರ್ತಿ ಅರ್ಥವಾಗದಿದ್ದರೂ ಅರೇಬಿಕ್‌ನಲ್ಲಿ. ಎಲ್ಲಾ ಕಡೆಯೂ ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಎಷ್ಟು ತೆರೆಯುತ್ತೆ, ಮೈಲೇಜ್ ಎಷ್ಟು ಬರುತ್ತೆ ಅನ್ನೋದಕ್ಕೆ ಹತ್ತು ನಿಮಿಷ. ಸ್ಟೀರಿಂಗ್ ಹಿಂದೆ, ಕಾಲಂ ಅಡಿಯಲ್ಲಿ, ಕೈಯಿಂದ ತಡವಿದರೆ ಮಾತ್ರ ಸಿಗುವ ಒಂದು ಲಿವರ್ ಇರುತ್ತಲ್ಲ, ಅದಕ್ಕೆ ಸಿಗೋದು ಅರ್ಧ ವಾಕ್ಯ. ‘ಟಿಲ್ಟ್ ಇದೆ, ಟೆಲಿಸ್ಕೋಪಿಕ್ ಇಲ್ಲ’ ಅಂತ ಹೇಳಿ ಮುಂದಕ್ಕೆ ಹೋಗ್ತಾರೆ.

ಟಿಲ್ಟ್ ಅಂದರೆ ಸ್ಟೀರಿಂಗ್ ಮೇಲಕ್ಕೂ ಕೆಳಕ್ಕೂ ಬಾಗುವುದು. ಟೆಲಿಸ್ಕೋಪಿಕ್ ಅಂದರೆ ನಮ್ಮ ಎದೆ ಕಡೆಗೆ ಬರುವುದು, ಅಥವಾ ಎದೆಯಿಂದ ದೂರ ಸರಿಯುವುದು. ಹಳೇ ದುರ್ಬೀನಿನ ಕೊಳವೆಗಳು ಒಂದರೊಳಗೆ ಒಂದು ಜಾರುವ ಹಾಗೆ. ಇವೆರಡನ್ನೂ ಒಂದೇ ಉಸಿರಲ್ಲಿ, ಒಂದೇ ಜಾತಿಯ ಸೌಕರ್ಯ ಅನ್ನೋ ಹಾಗೆ ಹೇಳೋದು ರೂಢಿ. ನನ್ನ ತಕರಾರು ಅಲ್ಲೇ ಶುರುವಾಗೋದು. ಟಿಲ್ಟ್ ಒಂದು ಅನುಕೂಲ. ಹಿಂದೆ ಮುಂದೆ ಸರಿಯುವ ಚಲನೆ ಕುಳ್ಳಗಿನ ಡ್ರೈವರ್‌ಗೆ ಜೀವದ ಪ್ರಶ್ನೆ ಆಗಬಹುದು. ಕಂಪನಿಗಳು ಮೊದಲನೆಯದನ್ನು ಕೊಟ್ಟು, ಎರಡನೆಯದನ್ನು ದುಬಾರಿ ವೇರಿಯಂಟ್‌ಗೆ ಕಟ್ಟಿಹಾಕಿ, ‘ಅಡ್ಜಸ್ಟಬಲ್ ಸ್ಟೀರಿಂಗ್’ ಅಂತ ಬ್ರೋಷರ್‌ನಲ್ಲಿ ಬರೀತವೆ.

ತಬೂಕ್‌ನಲ್ಲಿ ಕೂತು ಇದನ್ನು ಬರೆಯೋದಕ್ಕೆ ಕಾರಣ ಇದೆ. ಸೌದಿಯ ವಾಯವ್ಯ ಮೂಲೆಯ ಈ ಊರಿಂದ ಎಲ್ಲಿಗೆ ಹೊರಟರೂ ದೂರವೇ. ಸಮುದ್ರ ನೋಡಬೇಕಂದರೆ ದುಬಾ ಸುಮಾರು 180 ಕಿಲೋಮೀಟರ್. ಮದೀನಾ 700ರ ಹತ್ತಿರ. ಬೆಂಗಳೂರಿಂದ ಮಂಗಳೂರಿಗೆ ಹೋಗಿ ಅವತ್ತೇ ವಾಪಸ್ ಬಂದಷ್ಟು, ಆದರೆ ಶಿರಾಡಿ ಘಾಟಿ ಇಲ್ಲ, ಬಾಳೆಹಣ್ಣಿನ ಬನ್ಸ್ ಇಲ್ಲ, ನೇರ ರಸ್ತೆ ಮತ್ತು ಮರಳು. ಅಷ್ಟು ಹೊತ್ತು ಹಿಡಿದುಕೊಂಡು ಕೂರುವ ಚಕ್ರ ಎರಡು ಇಂಚು ಆಚೀಚೆ ಇದ್ದರೆ ಹೆಗಲು ಮೊದಲ ನೂರು ಕಿಲೋಮೀಟರ್‌ನಲ್ಲೇ ಹೇಳುತ್ತೆ.

ಎರಡನೇ ಕಾರಣ 2018. ಹೆಂಗಸರು ಕಾರು ಓಡಿಸಬಹುದು ಅನ್ನೋ ರಾಜಾಜ್ಞೆ ಬಂದದ್ದು 2017ರ ಸೆಪ್ಟೆಂಬರ್ 26ಕ್ಕೆ, ಜಾರಿಗೆ ಬಂದದ್ದು 2018ರ ಜೂನ್ 24ಕ್ಕೆ. ಅದಕ್ಕೂ ಮುಂಚೆ ಇಲ್ಲಿನ ಬಹುಪಾಲು ವಲಸೆ ಕುಟುಂಬಗಳ ಕಾರಿಗೆ ಒಂದೇ ಮೈ. ಗಂಡ ಒಂದು ಸಲ ಸೀಟು, ಕನ್ನಡಿ, ಸ್ಟೀರಿಂಗ್ ಹೊಂದಿಸಿದ ಅಂದರೆ ಕಾರು ಮಾರುವವರೆಗೂ ಅದೇ. ಈಗ ಬೆಳಿಗ್ಗೆ ಆಸ್ಪತ್ರೆ ಡ್ಯೂಟಿಗೆ ಹೆಂಡತಿ ತಗೊಂಡು ಹೋಗ್ತಾಳೆ, ಸಂಜೆ ಅದೇ ಕಾರನ್ನು ಗಂಡ ಓಡಿಸ್ತಾನೆ. ಆ ಲಿವರ್‌ಗೆ ದಿನಕ್ಕೆರಡು ಸಲ ಕೆಲಸ ಬಂತು. ಕೆಲಸ ಬಂದಾಗಲೇ ಅದರ ಯೋಗ್ಯತೆ ಗೊತ್ತಾಗೋದು.

ಒಂದು ಮಾತಿನ ಗುಟ್ಟು ಹೇಳಿ ಮುಂದೆ ಹೋಗ್ತೀನಿ. ಸೌದಿಯವರು ಸ್ಟೀರಿಂಗ್‌ಗೆ ‘ದಿರಕ್ಸೂನ್’ ಅಂತಾರೆ. ಫ್ರೆಂಚ್‌ನಿಂದ ಟರ್ಕಿಶ್ ದಾಟಿ ಬಂದ ಪದ. ಕುವೈತ್, ಎಮಿರೇಟ್ಸ್ ಕಡೆ ‘ಸುಕ್ಕಾನ್’ ಅಂತಾರೆ. ಸುಕ್ಕಾನ್ ಅಂದರೆ ಹಡಗಿನ ದಿಕ್ಕು ತಿರುಗಿಸುವ ಹಲಗೆ. ಕನ್ನಡದ ‘ಚುಕ್ಕಾಣಿ’ ಅದೇ ಪದ, ಕಡಲು ದಾಟಿ ನಮ್ಮ ಕರಾವಳಿಗೆ ಬಂದದ್ದು. ಪೇಪರ್‌ನಲ್ಲಿ ‘ಪಕ್ಷದ ಚುಕ್ಕಾಣಿ ಹಿಡಿದರು’ ಅಂತ ಓದಿದಾಗ ಅಧಿಕಾರ ಅಂತ ಅರ್ಥ ಮಾಡ್ಕೊಳ್ತೀವಿ. ಯಾರ ಕೈಗೆ ಚುಕ್ಕಾಣಿ ಸಿಕ್ಕಿತು ಅನ್ನೋದು ಸುದ್ದಿ. ಸಿಕ್ಕ ಚುಕ್ಕಾಣಿ ಆ ಕೈಗೆ ಸರಿಯಾಗಿ ಎಟಕುತ್ತಾ ಅನ್ನೋದು ಸುದ್ದಿ ಆಗಲ್ಲ.

ಈಗ ಕೂರುವ ಕ್ರಮ. ಇದನ್ನು ಓದುವ ಬದಲು ಕೇಳಿಸ್ಕೊಳ್ತಾ ಇರೋರು, ದಯವಿಟ್ಟು ಕಾರು ಓಡ್ತಾ ಇರುವಾಗ ಲಿವರ್ ಮುಟ್ಟಬೇಡಿ. ಬೀಗ ಸಡಿಲವಾದ ಕ್ಷಣ ಇಡೀ ಚಕ್ರ ತೊಡೆ ಮೇಲೆ ಕುಸಿಯಬಹುದು. ಮೊದಲು ಸೀಟು, ಆಮೇಲೆ ಸ್ಟೀರಿಂಗ್. ಬೆನ್ನು, ಸೊಂಟ ಪೂರ್ತಿ ಹಿಂದಕ್ಕೆ ಒರಗಿರಬೇಕು; ಬ್ರೇಕನ್ನು ಕೊನೇವರೆಗೂ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಆಮೇಲೆ ಹೆಗಲು ಸೀಟಿಂದ ಎತ್ತದೆ ಕೈ ಚಾಚಿದರೆ ಮಣಿಕಟ್ಟು ಚಕ್ರದ ಮೇಲಂಚಿನ ಮೇಲೆ ಕೂರಬೇಕು. ಮೀಟರ್‌ಗಳು ಕಾಣಬೇಕು, ಮಂಡಿ ಕಾಲಂಗೆ ತಾಗಬಾರದು. ಹಿಡಿಯೋದು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಇಷ್ಟೂ ಗೊತ್ತಿರೋ ಸಂಗತಿಯೇ. ಕೊನೇ ಶರತ್ತು ಒಂದಿದೆ: ಚಕ್ರದ ನಡುವಿನ ಏರ್‌ಬ್ಯಾಗ್ ಮುಚ್ಚಳಕ್ಕೂ ನಿಮ್ಮ ಎದೆಮೂಳೆಗೂ ಮಧ್ಯೆ ಕನಿಷ್ಠ 10 ಇಂಚು, ಅಂದರೆ 25 ಸೆಂಟಿಮೀಟರ್ ಇರಬೇಕು.

ನಮ್ಮ ಭಾಷೆಯಲ್ಲಿ ಇದಕ್ಕೆ ಹತ್ತಿರದ ಅಳತೆ ಗೇಣು. ಕೈ ಅಗಲಿಸಿದಾಗ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಷ್ಟಿದೆಯೋ ಅಷ್ಟು. ಲೆಕ್ಕಕ್ಕೆ 9 ಇಂಚು ಅಂತಾರೆ. ಗೇಣು, ಮೊಳ, ಮಾರು ಎಲ್ಲಾ ಅವರವರ ಮೈಯಿಂದ ಹುಟ್ಟಿದ ಅಳತೆಗಳು. ಹೂ ಮಾರುವವಳ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ದಿನಾ ಜಗಳ ಇದ್ದದ್ದೇ. ಆದರೆ ಏರ್‌ಬ್ಯಾಗ್ ಹತ್ತಿರ ಈ ಚೌಕಾಸಿ ನಡೆಯಲ್ಲ. ಚಿಕ್ಕ ಕೈಯವಳ ಗೇಣು 18 ಸೆಂಟಿಮೀಟರ್ ಇದ್ದರೆ ಅವಳಿಗೆ 18 ಸಾಕು ಅಂತ ಆಗಲ್ಲ; ಚೀಲ ಉಬ್ಬುವ ಜೋರು ಕೈಯ ಅಳತೆ ನೋಡಲ್ಲ. ಅಪಘಾತವಾದಾಗ ಅದು ಸುಮಾರು 30 ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳುತ್ತೆ. ಕಣ್ಣು ಮಿಟುಕಿಸೋದಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಹೊತ್ತು ಬೇಕು. ಪೂರ್ತಿ ಉಬ್ಬಿದ ಚೀಲದ ಮೇಲೆ ನಾವು ಬಿದ್ದರೆ ಅದು ದಿಂಬು. ಉಬ್ಬುತ್ತಿರುವಾಗಲೇ ಮುಖ ಅಲ್ಲಿದ್ದರೆ ಅದು ಗುದ್ದು.

ಈ 25 ಸೆಂಟಿಮೀಟರ್ ಹಿಂದೆ ಸಾವುಗಳಿವೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಣ್ಣ ವೇಗದ ಡಿಕ್ಕಿಗಳಲ್ಲೂ ಏರ್‌ಬ್ಯಾಗ್ ಹೊಡೆತಕ್ಕೆ ಜನ ಸತ್ತರು. ಮುಂದಿನ ಸೀಟಲ್ಲಿದ್ದ ಮಕ್ಕಳು, ಮತ್ತೆ ಚಕ್ರಕ್ಕೆ ಅಂಟಿ ಕೂರುತ್ತಿದ್ದ ಕುಳ್ಳಗಿನ ಡ್ರೈವರ್‌ಗಳು, ಅದರಲ್ಲೂ ಹೆಂಗಸರು. ಅವರು ಅಂಟಿ ಕೂತದ್ದು ಅಭ್ಯಾಸಬಲದಿಂದ ಅಲ್ಲ. ಕಾಲು ಪೆಡಲ್‌ಗೆ ಎಟಕಬೇಕಲ್ಲ. 1997ರ ಕೊನೆಗೆ ಅಲ್ಲಿನ ಸರ್ಕಾರ, 10 ಇಂಚು ದೂರ ಕೂರೋದಕ್ಕೆ ಆಗದವರು ಅನುಮತಿ ಪಡೆದು ಏರ್‌ಬ್ಯಾಗ್ ಆರಿಸುವ ಸ್ವಿಚ್ ಹಾಕಿಸಿಕೊಳ್ಳಬಹುದು ಅಂತ ನಿಯಮ ಮಾಡಿತು. ಒಂದು ಸುರಕ್ಷಾ ಸಾಧನವನ್ನೇ ಆರಿಸೋದಕ್ಕೆ ಸರ್ಕಾರ ಒಪ್ಪಿತು ಅಂದರೆ ದೂರದ ಪ್ರಶ್ನೆ ಎಷ್ಟು ಗಂಭೀರ ನೋಡಿ.

ಹಾಗಾದರೆ 152 ಸೆಂಟಿಮೀಟರ್ ಎತ್ತರದ ಡ್ರೈವರ್ ಒಬ್ಬಳು ಟಿಲ್ಟ್ ಮಾತ್ರ ಇರುವ ಕಾರಿನಲ್ಲಿ ಕೂತಿದ್ದಾಳೆ ಅಂದುಕೊಳ್ಳಿ. ಕಾಲಿಗೋಸ್ಕರ ಸೀಟು ಮುಂದೆ ಬಂತು. ಸೀಟಿನ ಜೊತೆ ಎದೆಯೂ ಮುಂದೆ ಬಂತು. ಈಗ ಮಧ್ಯೆ ಉಳಿದದ್ದು 21 ಸೆಂಟಿಮೀಟರ್. ಲಿವರ್ ಎಳೆದು ಚಕ್ರವನ್ನು ಎಷ್ಟು ಮೇಲೆ ಕೆಳಗೆ ಬಾಗಿಸಿದರೂ ಬದಲಾಗೋದು ಚೀಲ ಯಾವ ಕಡೆ ಗುರಿ ಇಟ್ಟಿದೆ ಅನ್ನೋದು. ದೂರ ಹೆಚ್ಚುಕಮ್ಮಿ ಅಷ್ಟೇ. ಟೆಲಿಸ್ಕೋಪಿಕ್ ಇದ್ದಿದ್ದರೆ ಚಕ್ರವನ್ನು ಡ್ಯಾಶ್‌ಬೋರ್ಡ್ ಕಡೆಗೆ ನಾಲ್ಕು ಸೆಂಟಿಮೀಟರ್ ತಳ್ಳಬಹುದಿತ್ತು. ಸಾಮಾನ್ಯ ಕಾರುಗಳಲ್ಲಿ ಈ ಜಾರುವಿಕೆ ಇರೋದೇ ನಾಲ್ಕರಿಂದ ಆರು ಸೆಂಟಿಮೀಟರ್. ಅಷ್ಟೇ ಸಾಕಿತ್ತು. ಎತ್ತರದವರ ಕಷ್ಟ ಇದರ ತಿರುಗಾಮುರುಗ: ಕಾಲಿಗೆ ಸರಿಯಾದ ಜಾಗದಲ್ಲಿ ಕೂತರೆ ಕೈ ಎಟಕಲ್ಲ, ಕೈಗೋಸ್ಕರ ಮುಂದೆ ಬಂದರೆ ಮಂಡಿ ಕಾಲಂಗೆ ಹೊಡೆಯುತ್ತೆ. ಅವರಿಗೆ ಸೊಂಟನೋವು. ಅದೂ ಸಣ್ಣದಲ್ಲ, ಆದರೆ ಎರಡೂ ಒಂದೇ ತಕ್ಕಡಿಯ ವಿಷಯವಲ್ಲ.

ಇಲ್ಲಿ ಬೀದಿ ತುಂಬ ಕಾಣುವುದು ಟೊಯೋಟಾ, ಹಾಗಾಗಿ ಅದರ ಕೈಪಿಡಿಯನ್ನೇ ಒಂದು ಕೃತಿ ಅಂತ ಓದೋಣ. ಹಲವು ಮಾದರಿಗಳ ಕೈಪಿಡಿಯಲ್ಲಿ ಸ್ಟೀರಿಂಗ್ ಹೊಂದಿಸುವ ಪುಟ ಬೇರೆ, ಏರ್‌ಬ್ಯಾಗ್ ಪುಟ ಬೇರೆ. ಸ್ಟೀರಿಂಗ್ ಪುಟದಲ್ಲಿ ಹೇಗೆ ಅಂತ ಇದೆ: ಲಿವರ್ ಕೆಳಗೆ ಒತ್ತಿ, ಚಕ್ರ ಸರಿಸಿ, ಲಿವರ್ ಮೇಲೆತ್ತಿ ಬೀಗ ಹಾಕಿ. ಎಲ್ಲಿಗೆ ಸರಿಸಬೇಕು ಅಂತ ಇಲ್ಲ. ಅದು ಏರ್‌ಬ್ಯಾಗ್ ಅಧ್ಯಾಯದಲ್ಲಿದೆ, 25 ಸೆಂಟಿಮೀಟರ್ ಮಾತಿನ ಜೊತೆಗೆ. ಅಷ್ಟು ದೂರ ಸಿಗದಿದ್ದರೆ ಏನು ಮಾಡಬೇಕು ಅನ್ನೋ ಸಲಹೆಯೂ ಅಲ್ಲೇ ಇದೆ: ಪೆಡಲ್ ಎಟಕುವಷ್ಟರ ಮಟ್ಟಿಗೆ ಸೀಟು ಹಿಂದಕ್ಕೆ ಹಾಕಿ, ಬೆನ್ನಾಸರೆಯನ್ನು ಸ್ವಲ್ಪ ಒರಗಿಸಿ, ಒರಗಿಸಿದಾಗ ರಸ್ತೆ ಕಾಣದಿದ್ದರೆ ಜಾರದ, ಗಟ್ಟಿಯಾದ ದಿಂಬೊಂದನ್ನು ಹಾಕಿಕೊಂಡು ಎತ್ತರ ಮಾಡಿಕೊಳ್ಳಿ, ಇಲ್ಲವೇ ಸೀಟು ಎತ್ತಿ, ಚಕ್ರವನ್ನು ಕೆಳಗೆ ಬಾಗಿಸಿ, ಆಗ ಚೀಲ ತಲೆ, ಕುತ್ತಿಗೆ ಬಿಟ್ಟು ಎದೆ ಕಡೆ ತಿರುಗುತ್ತೆ.

ಸಲಹೆಗಳು ತಪ್ಪಲ್ಲ, ಪ್ರಾಮಾಣಿಕವಾಗಿಯೇ ಇವೆ. ಬಸುರಿಯರು ಮಾತ್ರ ಚಕ್ರ ಹೊಟ್ಟೆ ಕಡೆ ಅಲ್ಲ, ಎದೆಮೂಳೆ ಕಡೆ ಮುಖ ಮಾಡಿದೆಯಾ ಅಂತ ನೋಡ್ಕೋಬೇಕು. ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿ ಏನಿಲ್ಲ ಅನ್ನೋದು. ‘ಚಕ್ರವನ್ನೇ ನಿಮ್ಮಿಂದ ದೂರ ತಳ್ಳಿ’ ಅನ್ನೋ ಅತಿ ಸರಳ ಮಾತು ಆ ಪಟ್ಟಿಯಲ್ಲಿ ಇಲ್ಲ. ಡ್ರೈವರ್ ಹಿಂದೆ ಸರೀಬೇಕು, ಡ್ರೈವರ್ ಒರಗಬೇಕು, ಡ್ರೈವರ್ ದಿಂಬು ತರಬೇಕು. ಕಾರು ಇದ್ದಲ್ಲೇ ಇರುತ್ತೆ. ಲಕ್ಷಗಟ್ಟಲೆ ಕೊಟ್ಟು ಕೊಂಡ ಯಂತ್ರವನ್ನು ಮನೆಯ ದಿಂಬಿನಿಂದ ಪೂರ್ತಿ ಮಾಡ್ಕೋಬೇಕು.

ಇದು ಹೀಗಾಗೋದಕ್ಕೆ ಲಿವರ್‌ನ ಹುಟ್ಟೂ ಕಾರಣ ಅಂತ ಕಾಣುತ್ತೆ. ಹೊಂದಿಸಬಹುದಾದ ಸ್ಟೀರಿಂಗ್ ಹುಟ್ಟಿದ್ದು ಸುಖದ ಸಾಮಾನಾಗಿ. 1940ರ ದಶಕದ ಕೊನೆಯ ಜಾಗ್ವಾರ್ ಎಕ್ಸ್‌ಕೆ 120 ಸ್ಪೋರ್ಟ್ಸ್ ಕಾರಿನಲ್ಲಿ ಚಕ್ರ ಹಿಂದೆ ಮುಂದೆ ಸರಿಯುತ್ತಿತ್ತು. 1961ರ ಫೋರ್ಡ್ ಥಂಡರ್‌ಬರ್ಡ್‌ನಲ್ಲಿ ಸೂಟು ಹಾಕಿದವರು ಆರಾಮವಾಗಿ ಹತ್ತಿ ಇಳಿಯಲಿ ಅಂತ ಚಕ್ರ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಜನರಲ್ ಮೋಟರ್ಸ್ 1963ರಲ್ಲಿ ಟಿಲ್ಟ್ ತಂದಿತು. ಆಗ ಚಕ್ರದೊಳಗೆ ಏರ್‌ಬ್ಯಾಗ್ ಇರಲಿಲ್ಲ. ಸುಖದ ಪಟ್ಟಿಗೆ ಸೇರಿಸಿದ್ದು ನ್ಯಾಯವೇ. ನಮ್ಮ ಅಂಬಾಸಿಡರ್‌ನಲ್ಲಿ, ಮಾರುತಿ 800ರಲ್ಲಿ ಚಕ್ರ ಅಲ್ಲಾಡುತ್ತಲೇ ಇರಲಿಲ್ಲ. ಮನುಷ್ಯರೇ ಅದಕ್ಕೆ ಹೊಂದಿಕೊಂಡರು. ಆಮೇಲೆ ಚಕ್ರದೊಳಗೆ ಸಿಡಿಯುವ ಚೀಲ ಬಂತು. ಲಿವರ್ ಮಾತ್ರ ಹಳೇ ಪಟ್ಟಿಯಲ್ಲೇ ಉಳಿಯಿತು. ಇವತ್ತಿಗೂ ಭಾರತದ ಅನೇಕ ಬ್ರೋಷರ್‌ಗಳಲ್ಲಿ ಏರ್‌ಬ್ಯಾಗ್ ‘ಸೇಫ್ಟಿ’ ಅಡಿಯಲ್ಲಿ, ಟಿಲ್ಟ್, ಟೆಲಿಸ್ಕೋಪಿಕ್ ‘ಕಂಫರ್ಟ್’ ಅಡಿಯಲ್ಲಿ, ಕಪ್ ಹೋಲ್ಡರ್ ಪಕ್ಕ ಕಾಣುತ್ತೆ.

ಪಟ್ಟಿಯಲ್ಲಿ ಎಲ್ಲಿದೆ ಅನ್ನೋದರಿಂದ ಏನಾಗುತ್ತೆ? ತುಂಬಾ ಆಗುತ್ತೆ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಒಳ್ಳೇ ನಿಯಮ, ಜೀವ ಉಳಿಸಿರೋ ನಿಯಮ. ಆದರೆ ಆ ಚೀಲದಿಂದ ಸರಿಯಾದ ದೂರದಲ್ಲಿ ಕೂರುವುದಕ್ಕೆ ಬೇಕಾದ ಚಲನೆ ಕಡ್ಡಾಯವಲ್ಲ. ಅದು ‘ಸೌಕರ್ಯ’ ತಾನೆ. ಹಾಗಾಗಿ ಅದೇ ಮಾದರಿಯ ಕೆಳಗಿನ ವೇರಿಯಂಟ್‌ನಲ್ಲಿ ಚೀಲ ಇದೆ, ಚಕ್ರ ಸರಿಯಲ್ಲ. ಮೇಲಿನ ವೇರಿಯಂಟ್‌ನಲ್ಲಿ ಎರಡೂ ಇದೆ. ಊರಲ್ಲಿ ಅಪ್ಪ ಅಮ್ಮನಿಗೆ ಕಾರು ಕೊಡಿಸೋದಕ್ಕೆ ಇಲ್ಲಿಂದ ದುಡ್ಡು ಕಳಿಸುವ ನಮ್ಮಂಥವರು ಕೇಳೋದು ಏರ್‌ಬ್ಯಾಗ್ ಎಷ್ಟು ಅಂತ, ಆರು ಅಂದ ಕೂಡಲೇ ಸಮಾಧಾನ. ಅಮ್ಮ ಓಡಿಸ್ತಾರಾದರೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದು.

ಸ್ಟಾರ್ ರೇಟಿಂಗ್ ಇದೆಯಲ್ಲ ಅಂತೀರಿ. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಗಂಟೆಗೆ 64 ಕಿಲೋಮೀಟರ್ ವೇಗದ ಮುಂಭಾಗದ ಡಿಕ್ಕಿಯಲ್ಲಿ ಡ್ರೈವರ್ ಸೀಟಲ್ಲಿ ಕೂರುವ ಬೊಂಬೆ ಸುಮಾರು 175 ಸೆಂಟಿಮೀಟರ್ ಎತ್ತರದ, 78 ಕಿಲೋ ತೂಕದ ಗಂಡಸು. ಮುಂಭಾಗದ ಡಿಕ್ಕಿಯ ವಿಶ್ವಸಂಸ್ಥೆ ನಿಯಮ ಆರ್ 94ರ ಪ್ರಕಾರ, ಚಕ್ರ ಸರಿಸಬಹುದಾದರೆ ಅದನ್ನು ತಯಾರಕರು ಹೇಳಿದ ಜಾಗದಲ್ಲಿ ಅಥವಾ ನಟ್ಟನಡುವೆ ಇಡಬೇಕು. ಅಂದರೆ ಈ ಬಗೆಯ ಪರೀಕ್ಷೆ ಕೇಳುವ ಪ್ರಶ್ನೆ: ಮಧ್ಯಮ ಗಾತ್ರದ ಗಂಡಸು ಸರಿಯಾಗಿ ಕೂತರೆ ಏನಾಗುತ್ತೆ? ಬೊಂಬೆ ಲಿವರ್ ಮುಟ್ಟಲ್ಲ.

ಅಂಕಿಗಳ ಕೆಲಸ ನನ್ನ ಹೊಟ್ಟೆಪಾಡು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ತೀನಿ. 2016ರಲ್ಲಿ ಈಲೈಫ್ ಪತ್ರಿಕೆಯಲ್ಲಿ 200 ದೇಶಗಳ ಎತ್ತರದ ದೊಡ್ಡ ಅಧ್ಯಯನ ಬಂತು. 1996ರಲ್ಲಿ ಹುಟ್ಟಿದ ಭಾರತೀಯ ಗಂಡಸರ ಸರಾಸರಿ ಸುಮಾರು 165 ಸೆಂಟಿಮೀಟರ್, ಹೆಂಗಸರದ್ದು 153ರ ಆಸುಪಾಸು. ಬೊಂಬೆಗಿಂತ ನಮ್ಮ ಸರಾಸರಿ ಗಂಡಸೇ ಹತ್ತು ಸೆಂಟಿಮೀಟರ್ ಕುಳ್ಳ. ಅಮೆರಿಕ, ಯುರೋಪಿನ ಪರೀಕ್ಷೆಗಳಲ್ಲಿ ಬಳಸುವ ‘ಚಿಕ್ಕ ಹೆಂಗಸು’ ಬೊಂಬೆ ಒಂದಿದೆ: ಎತ್ತರ ಸುಮಾರು 150, ತೂಕ 49 ಕಿಲೋ. ಅವರ ಲೆಕ್ಕದಲ್ಲಿ ಅದು ನೂರಕ್ಕೆ ಐದು ಹೆಂಗಸರಷ್ಟೇ ಅದಕ್ಕಿಂತ ಚಿಕ್ಕವರಿರುವ ಅಂಚಿನ ಗಾತ್ರ. ಅವರ ಅಂಚು ನಮ್ಮ ನಡುಮನೆ. ಉಡುಪಿಯಲ್ಲೋ ಹಾಸನದಲ್ಲೋ ಕಾರು ಓಡಿಸುವ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಆ ಬೊಂಬೆಯ ಸುತ್ತಮುತ್ತಲಿನವರು ಅಥವಾ ಅದಕ್ಕಿಂತ ಚಿಕ್ಕವರು. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಅಪಘಾತಗಳ ದತ್ತಾಂಶ ನೋಡಿದಾಗ, ಸೀಟ್‌ಬೆಲ್ಟ್ ಹಾಕಿದ್ದ ಹೆಂಗಸು ಡ್ರೈವರ್‌ಗೆ ಅದೇ ಬಗೆಯ ಡಿಕ್ಕಿಯಲ್ಲಿ ತೀವ್ರ ಗಾಯವಾಗುವ ಸಂಭವ ಗಂಡಸಿಗಿಂತ ಶೇ. 47ರಷ್ಟು ಹೆಚ್ಚು ಅಂತ ಕಂಡರು. ಅದಕ್ಕೆಲ್ಲ ಸ್ಟೀರಿಂಗ್ ದೂರವೇ ಕಾರಣ ಅಂತ ನಾನು ಹೇಳ್ತಿಲ್ಲ. ಕುತ್ತಿಗೆಯ ಬಲ, ಬೆಲ್ಟು ಕೂರುವ ರೀತಿ, ಎಷ್ಟೋ ಇವೆ. ಆದರೆ ಒಂದು ಲಿವರ್‌ನಿಂದ ಸರಿಯಾಗಬಹುದಾದ ಕಾರಣ ಇದೊಂದೇ.

ಸರಾಸರಿಯ ಮೇಲೆ ಇನ್ನೊಂದು ಹಳೇ ಕಥೆ ಇದೆ, ನಮ್ಮ ವೃತ್ತಿಯವರ ಅಚ್ಚುಮೆಚ್ಚಿನದು. 1950ರಲ್ಲಿ ಅಮೆರಿಕದ ವಾಯುಪಡೆ ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳ ಮೈ ಅಳೆಯಿತು, ಕಾಕ್‌ಪಿಟ್ ಹೊಸದಾಗಿ ಮಾಡೋದಕ್ಕೆ. ಗಿಲ್ಬರ್ಟ್ ಡೇನಿಯಲ್ಸ್ ಅನ್ನೋ ಯುವಕ 4,063 ಜನರ ಹತ್ತು ಅಳತೆ ತಗೊಂಡು, ಹತ್ತರಲ್ಲೂ ಸರಾಸರಿಯ ಹತ್ತಿರ ಇರುವವರು ಎಷ್ಟು ಅಂತ ಲೆಕ್ಕ ಹಾಕಿದ. ಉತ್ತರ ಸೊನ್ನೆ. ಬರೀ ಮೂರು ಅಳತೆ ತಗೊಂಡರೂ ಶೇ. 3.5ಕ್ಕಿಂತ ಕಮ್ಮಿ. ಉದ್ದ ಕಾಲಿನವನಿಗೆ ಗಿಡ್ಡ ತೋಳು, ಅಗಲ ಎದೆಯವನಿಗೆ ಸಣ್ಣ ಸೊಂಟ. ಅದಾದ ಮೇಲೆ ವಾಯುಪಡೆ ಹಿಡಿದ ದಾರಿ ಸರಾಸರಿ ಹುಡುಕೋದಲ್ಲ, ಸೀಟು, ಪೆಡಲ್, ಪಟ್ಟಿ ಎಲ್ಲವನ್ನೂ ಸರಿಸುವಂತೆ ಮಾಡೋದು. ಡೇನಿಯಲ್ಸ್ ವರದಿ ಬಂದದ್ದು 1952ರಲ್ಲಿ. ಎತ್ತರ ಒಂದೇ ಇರುವ ಇಬ್ಬರಿಗೂ ಕಾಲು ಮತ್ತು ತೋಳಿನ ಲೆಕ್ಕ ಬೇರೆ ಬೇರೆ ಅನ್ನೋದು ಎಪ್ಪತ್ತು ವರ್ಷದಿಂದ ಗೊತ್ತಿರುವ ವಿಷಯ. ಸೀಟು ಮಾತ್ರ ಸರಿಸಿದರೆ ಕಾಲಿನ ಲೆಕ್ಕ ಮುಗಿಯಿತು, ತೋಳಿನ ಲೆಕ್ಕಕ್ಕೆ ಚಕ್ರವೂ ಸರೀಬೇಕು.

ಎಂಜಿನಿಯರ್ ಗೆಳೆಯರ ವಾದವನ್ನೂ ಇಡಬೇಕು. ಡಿಕ್ಕಿಯಾದಾಗ ಕಾಲಂ ಎದೆಗೆ ನುಗ್ಗದೆ ಕುಸಿಯಬೇಕು. ಅಮೆರಿಕದಲ್ಲಿ 1968ರಿಂದ ಇದು ಕಾನೂನು. ಜಾರುವ ಕೊಳವೆ ಸೇರಿಸಿದರೆ ಚಕ್ರ ಎಲ್ಲೇ ಇದ್ದರೂ ಸರಿಯಾಗಿ ಕುಸಿಯುತ್ತಾ ಅಂತ ನೋಡಬೇಕು, ನಡುಕ ಬರಬಾರದು, ತೂಕ ಜಾಸ್ತಿ, ಖರ್ಚು ಜಾಸ್ತಿ. ನಿಜ. ಆದರೆ ಅದೇ ಮಾದರಿಯ ಮೇಲಿನ ವೇರಿಯಂಟ್‌ನಲ್ಲಿ ಇದೆಲ್ಲ ಆಗಲೇ ಬಿಡಿಸಿಟ್ಟ ಲೆಕ್ಕ. ಕೆಳಗಿನದಕ್ಕೆ ಬರುವಷ್ಟರಲ್ಲಿ ಉಳಿಯೋದು ಎಂಜಿನಿಯರಿಂಗ್ ಅಲ್ಲ, ದರಪಟ್ಟಿ.

ತಬೂಕ್‌ಗೆ ವಾಪಸ್ ಬಂದರೆ, ಊರಿಂದ ಹೊಸದಾಗಿ ಬಂದವರಿಗೆ ಎಡಗಡೆ ಸ್ಟೀರಿಂಗ್‌ನದ್ದೇ ದೊಡ್ಡ ಗಲಾಟೆ. ಮಾರುತಿ ಓಡಿಸಿ ಬಂದ ಕೈ ಇಂಡಿಕೇಟರ್ ಅಂತ ವೈಪರ್ ಎಳೆಯುತ್ತೆ. ಮಳೆಯೇ ಅಪರೂಪವಾದ ಊರಲ್ಲಿ ವೈಪರ್ ಓಡಿತು ಅಂದರೆ ಹೊಸಬರು ಅಂತ ಎಲ್ಲರಿಗೂ ಗೊತ್ತು. ಆ ಗಲಾಟೆ ಎರಡು ವಾರದಲ್ಲಿ ಮುಗಿಯುತ್ತೆ. ದೂರದ ವಿಷಯ ಹಾಗೆ ತಾನಾಗಿ ಸರಿಹೋಗಲ್ಲ, ಮೈ ತಪ್ಪಿಗೇ ಒಗ್ಗಿಬಿಡುತ್ತೆ. ಬೇಸಗೆಯಲ್ಲಿ ಬಿಸಿಲುತಡೆ ಹಾಳೆ ಸಿಕ್ಕಿಸೋದಕ್ಕೆ ಚಕ್ರ ಮೇಲೆತ್ತಿ, ಹಾಗೇ ಬಿಟ್ಟು ಓಡಿಸುವವರಿದ್ದಾರೆ. ಚೀಲ ಸೀದಾ ಮುಖಕ್ಕೆ ಗುರಿ. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಸೊನ್ನೆಯ ಹತ್ತಿರ ಇಳಿಯೋದುಂಟು; ದಪ್ಪ ಜಾಕೆಟ್ ಬೆನ್ನ ಹಿಂದೆ ತುಂಬಿಕೊಂಡು ಮೈಯನ್ನು ಮುಂದಕ್ಕೆ ತಳ್ಳುತ್ತೆ, ಬೆಲ್ಟನ್ನೂ ಸಡಿಲ ಮಾಡುತ್ತೆ. ಹೊರಡುವ ಮುಂಚೆ ಬಿಚ್ಚಿ ಹಿಂದಿನ ಸೀಟಿಗೆ ಹಾಕಿ.

ಸೆಕೆಂಡ್‌ಹ್ಯಾಂಡ್ ಕಾರು ಸಿಗುವ ಸಂತೆಗೆ ಇಲ್ಲಿ ‘ಹರಾಜ್’ ಅಂತಾರೆ, ನಮ್ಮ ‘ಹರಾಜು’ ಪದವೇ. ಅಲ್ಲಿಗೆ ಹೋಗುವಾಗ ಇಬ್ಬರೂ ಹೋಗಿ, ಮೊದಲು ಕುಳ್ಳಗಿರುವವರು ಡ್ರೈವರ್ ಸೀಟಲ್ಲಿ ಕೂರಲಿ. ಬ್ರೇಕ್ ಪೂರ್ತಿ ಒತ್ತಿ, ಕಾಲಂ ಅಡಿ ಕೈ ಹಾಕಿ ಲಿವರ್ ಬಿಡಿಸಿ, ಚಕ್ರ ಮುಂದಕ್ಕೂ ಹಿಂದಕ್ಕೂ ಸರಿಯುತ್ತಾ ನೋಡಿ. ಒಂದು ಎ4 ಹಾಳೆ ಇಟ್ಟುಕೊಂಡಿರಿ: ಉದ್ದಕ್ಕೆ 29.7 ಸೆಂಟಿಮೀಟರ್, ಅಡ್ಡಕ್ಕೆ 21. ಎದೆಗೂ ಚಕ್ರದ ನಡುವಿಗೂ ಮಧ್ಯೆ ಅದು ಉದ್ದುದ್ದ ಹಿಡಿಸಿದರೆ ಸರಿ, ಅಡ್ಡಡ್ಡ ಮಾತ್ರ ಹಿಡಿಸಿದರೆ ಟೇಪ್ ತೆಗೆದು ಅಳೆಯಿರಿ, ಅಡ್ಡಕ್ಕೂ ಹಿಡಿಸದಿದ್ದರೆ ಬೇರೆ ಕಾರು ನೋಡಿ. ಮಾರುವವನು ನಗ್ತಾನೆ, ನಗಲಿ.